ದೊಡ್ಡಕ್ಕನ ಮೂಗು, ಚಳಿಗಾಲದ ಟೊಮೆಟೊ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸನ್ನು ಅಲ್ಲಿಯವರೆಲ್ಲ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದವರೂ ಹಾಗೇ ಕರೆಯುತ್ತಿದ್ದರು. ಈ ಹಿರಿತನ ಅವಳಿಗೆ ಬಂದದ್ದು ಮೂಗಿನಿಂದ. ಬೆಳಿಗ್ಗೆ ಹಿಂಬಾಗಿಲಿಗೆ ಹಾಲಿನ ಕ್ಯಾನುಗಳು ಬಂದರೆ ಅವಳು ಒಂದೊಂದರ ಮುಚ್ಚಳ ತೆಗೆದು ಒಂದು ಸಲ ಮುಖ ಹತ್ತಿರ ಒಯ್ಯುತ್ತಿದ್ದಳು. "ಇದು ಮಧ್ಯಾಹ್ನ ದಾಟಲ್ಲ, ಮೊದಲು ಇದನ್ನ ಖಾಲಿ ಮಾಡಿ" ಎಂದರೆ ಮುಗಿಯಿತು, ಯಾರೂ ಎದುರಾಡುತ್ತಿರಲಿಲ್ಲ. ಹಿಟ್ಟಿನ ಮೂಟೆ ತೇವ ಹಿಡಿದದ್ದು, ಎಣ್ಣೆ ಹಳತಾದದ್ದು, ನೆಲಮಾಳಿಗೆಯ ಮೂಲೆಯಲ್ಲಿ ಒಂದೇ ಒಂದು ಆಲೂಗಡ್ಡೆ ಕೊಳೆತದ್ದು, ಎಲ್ಲವೂ ಬಾಗಿಲಲ್ಲಿ ನಿಂತಾಗಲೇ ಅವಳಿಗೆ ತಿಳಿಯುತ್ತಿತ್ತು. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಚಾಳಿ ಅವಳಿಗಿರಲಿಲ್ಲ. ತನ್ನ ಮೂಗಿನ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕುವುದನ್ನೂ ಅವಳು ಸಹಿಸುತ್ತಿರಲಿಲ್ಲ.

ಅವಳ ಗಂಡ ಊರಿನ ಬಸ್ ಓಡಿಸುತ್ತಿದ್ದ. ಡಿಪೋದ ಹಿಂಗೋಡೆಗೆ ಒತ್ತಿಕೊಂಡು ಉದ್ದಕ್ಕೆ ಬಿದ್ದಿದ್ದ ಒಂದು ಪಟ್ಟಿ ಜಾಗವನ್ನು ಕೆಲಸಗಾರರು ತರಕಾರಿಗೆಂದು ಹಂಚಿಕೊಂಡಿದ್ದರು. ಗಂಡನ ಪಾಲಿಗೆ ಬಂದದ್ದು ಪಡುವಣ ಬಿಸಿಲು ಬೀಳುವ ತುದಿ. ಅಲ್ಲಿ ನಲವತ್ತು ಟೊಮೆಟೊ ಗಿಡ. ಸಂಜೆಯವರೆಗೆ ಕಾದ ಇಟ್ಟಿಗೆಗೋಡೆ ಕತ್ತಲಾದ ಮೇಲೂ ಗಿಡಗಳನ್ನು ಬೆಚ್ಚಗಿಡುತ್ತಿತ್ತು. ಹಾಗಾಗಿ ಬೇಸಿಗೆಯ ಕೊನೆಯ ಮೂರು ವಾರಗಳಲ್ಲಿ ಹಣ್ಣೆಲ್ಲ ಒಟ್ಟಿಗೇ ಕೆಂಪಾಗುತ್ತಿತ್ತು. ಗಂಡ ಅವನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ತನ್ನ ಬಸ್ಸಿನ ಹಿಂದಿನ ಸೀಟಿನಲ್ಲೇ ಮನೆಗೆ ತರುತ್ತಿದ್ದ. ಕಂಡಕ್ಟರು, "ಇವರಿಗೆಲ್ಲ ಟಿಕೆಟ್ ಯಾರು ತಗೋತಾರೆ?" ಎಂದು ಕೇಳಿದರೆ, "ಎಲ್ಲಾ ನಮ್ಮ ಮನೆಯವಳ ಕಡೆಯ ನೆಂಟರು, ಬಿಡಪ್ಪ" ಎನ್ನುತ್ತಿದ್ದ.

ಆ ಹಣ್ಣನ್ನು ಚಳಿಗಾಲಕ್ಕೆ ಕಾಪಿಡುವುದು ದೊಡ್ಡಕ್ಕನ ಕೆಲಸ. ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡ ಉದ್ದ ಗೀರು ಹಾಕಿ ಕುದಿನೀರಿಗೆ ಬಿಟ್ಟು ಕೂಡಲೇ ತಣ್ಣೀರಿಗೆ ಎತ್ತಿದರೆ ಸಿಪ್ಪೆ ತಾನಾಗಿ ಸುರುಳಿಯಾಗಿ ಬಿಡುತ್ತದೆ. ಸುಲಿದ ಹಣ್ಣನ್ನು ಗಾಜಿನ ಜಾಡಿಯಲ್ಲಿ ಗಾಳಿ ಉಳಿಯದಂತೆ ಅದುಮಿ, ಉಪ್ಪು ಹಾಕಿ, ತಗಡಿನ ಮುಚ್ಚಳ ತಿರುಗಿಸಿ, ತಳಕ್ಕೆ ಬಟ್ಟೆ ಹಾಸಿದ ದೊಡ್ಡ ಪಾತ್ರೆಯಲ್ಲಿಟ್ಟು, ಜಾಡಿ ಮುಳುಗುವಷ್ಟು ನೀರು ತುಂಬಿ ಒಂದೂವರೆ ಗಂಟೆ ಕುದಿಸಬೇಕು. ಹೊರಗೆ ತೆಗೆದಿಟ್ಟ ಜಾಡಿ ಆರುತ್ತಿದ್ದಂತೆ ಮುಚ್ಚಳ ಟಕ್ ಎಂದು ಒಳಕ್ಕೆ ಎಳೆದುಕೊಂಡರೆ ಅದು ಭದ್ರ. ಯಾವ ಹಣ್ಣು ಜಾಡಿಗೆ, ಯಾವುದು ಆ ದಿನದ ಅಡುಗೆಗೆ ಎಂಬುದನ್ನು ಅವಳ ಮೂಗು ಹೇಳುತ್ತಿತ್ತು. ಚಳಿಗಾಲದಲ್ಲಿ ಜಾಡಿ ತೆರೆದಾಗ ಕೊನೆಯ ತೀರ್ಪೂ ಅದರದೇ.

ಮೂರು ವರ್ಷದ ಹಿಂದೆ ಈ ತೀರ್ಪಿನ ಮೇಲೆ ಒಬ್ಬಳು ತಕರಾರು ಎತ್ತಿದ್ದಳು. ಅವಳು ಗಂಡನ ತಂಗಿ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂಟಿಯಾಗಿ ಇರುತ್ತಿದ್ದಳು, ನೀರು ಸರಬರಾಜಿನ ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸ. ಡಿಪೋದ ನಾಲ್ಕು ಜನ ಊಟಕ್ಕೆ ಬಂದಿದ್ದ ದಿನ, ಅತ್ತಿಗೆ ಜಾಡಿ ತೆರೆದು ಮೂಸಿ "ಚೆನ್ನಾಗಿದೆ" ಎಂದು ಬಾಣಲೆಗೆ ಸುರಿಯುತ್ತಿದ್ದಾಗ, ನಾದಿನಿ ಇದ್ದಕ್ಕಿದ್ದಂತೆ, "ಅತ್ತಿಗೆ, ಕೆಲವು ವಿಷಕ್ಕೆ ವಾಸನೆಯೇ ಇರಲ್ಲ. ಹುಳಿ ಸಾಕಷ್ಟಿದೆಯಾ ಅಂತ ತುಂಬಿಸೋವಾಗಲೇ ಕಾಗದ ಅದ್ದಿ ನೋಡಬೇಕು. ನಮ್ಮ ಆಫೀಸಲ್ಲಿ ಸಿಗುತ್ತೆ, ತಂದ್ಕೊಡ್ತೀನಿ" ಎಂದಳು. ಅವಳು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಕೂತಿದ್ದವರು ಊಟದ ತಟ್ಟೆಯನ್ನೊಮ್ಮೆ, ಒಬ್ಬರ ಮುಖವನ್ನೊಬ್ಬರು ಒಮ್ಮೆ ನೋಡಿಕೊಂಡರು. ದೊಡ್ಡಕ್ಕನ ಕಿವಿಯಲ್ಲಿ ಉಳಿದದ್ದು ವಿಷ ಎಂಬ ಒಂದೇ ಮಾತು.

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಮೆಟ್ಟಿಲ ಮೇಲೆ ಎದುರಾದರೆ ಒಬ್ಬಳು ಗೋಡೆ ನೋಡುವಳು, ಇನ್ನೊಬ್ಬಳು ಕೈಚೀಲದಲ್ಲಿ ಬೀಗದಕೈ ಹುಡುಕುವಳು. ಹೇಳಬೇಕಾದ್ದನ್ನೆಲ್ಲ ಗಂಡನ ಮೂಲಕ ಹೇಳಿ ಕಳಿಸುತ್ತಿದ್ದರು. "ಹಗಲೆಲ್ಲ ಊರಲ್ಲಿ ಓಡಿಸ್ತೀನಿ, ಸಂಜೆ ಮೇಲಕ್ಕೂ ಕೆಳಕ್ಕೂ ನಾನೇ ಓಡ್ತೀನಿ" ಎಂದು ಅವನು ನಗುತ್ತಿದ್ದ. ಇಬ್ಬರನ್ನೂ ಕೂರಿಸಿ ಮಾತಾಡಿಸುವ ಗೋಜಿಗೆ ಮಾತ್ರ ಹೋಗಲಿಲ್ಲ. ಅವನ ಸ್ವಭಾವವೇ ಅಂಥದ್ದು. ಬಿಸಿ ಆರಲಿ ಎಂದು ಕಾಯುತ್ತಿದ್ದ.

ಈಗ ಹೇಳುತ್ತಿರುವ ವರ್ಷ, ಬೇಸಿಗೆಯ ಆರಂಭದಲ್ಲಿ ದೊಡ್ಡಕ್ಕನಿಗೆ ಜ್ವರ ಬಂತು. ಒಂದು ವಾರ ಮಲಗಿ ಎದ್ದಳು. ಎದ್ದ ದಿನ ಮುಖ ತೊಳೆಯುವಾಗ ಸೋಪಿಗೆ ಏನೂ ವಾಸನೆ ಇಲ್ಲ ಎನಿಸಿತು. ಕಡಿಮೆ ಬೆಲೆಯದು ತಂದಿರಬೇಕು ಎಂದು ಗಂಡನ ಮೇಲೆ ರೇಗಿದಳು. ಆಮೇಲೆ ಕಾಫಿ, ಸೀಮೆಎಣ್ಣೆ, ಗಂಡನ ಬೆವರಿನ ಅಂಗಿ, ಒಂದೊಂದನ್ನೇ ಮೂಗಿಗೆ ಹಿಡಿದು ನೋಡಿದಳು. ಒಂದೂ ಇಲ್ಲ. ನೆಗಡಿ ಇಳಿದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನೆಗಡಿ ಇಳಿಯಿತು, ವಾಸನೆ ಮರಳಲಿಲ್ಲ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಕೆಲಸಕ್ಕೆ ಹೋದಳು. ಹಾಲಿನ ಕ್ಯಾನು ಬಂದರೆ ಎಂದಿನಂತೆ ಮುಚ್ಚಳ ತೆಗೆದು ಮುಖ ಒಯ್ಯುವಳು, ಎಂದಿನಂತೆ ತಲೆಯಾಡಿಸುವಳು. ಹೀಗೆ ಹದಿನೈದು ದಿನ ನಡೆಯಿತು. ಒಂದು ಬೆಳಿಗ್ಗೆ ಅವಳು ಒಳಗೆ ಬಿಟ್ಟ ಕ್ಯಾನಿನ ಹಾಲು ಒಲೆಯ ಮೇಲೆ ಒಡೆದುಹೋಯಿತು. ಮಕ್ಕಳ ವಾರ್ಡಿಗೆ ಹೋಗಬೇಕಿದ್ದ ಹಾಲು. ಅಡುಗೆಮನೆಯ ಮೇಲ್ವಿಚಾರಕ ಬಂದು ಇಣುಕಿ ನೋಡಿ ಅವಳ ಕಡೆ ತಿರುಗಿದ. ದೊಡ್ಡಕ್ಕನ ಬಾಯಿಂದ ಆ ಕ್ಷಣದಲ್ಲಿ ಹೊರಬಿದ್ದ ಮಾತು ಇದು: "ಹಾಲು ಚೆನ್ನಾಗಿತ್ತು. ಪಾತ್ರೆ ಸರಿಯಾಗಿ ತೊಳೆದಿಲ್ಲ."

ಪಾತ್ರೆ ತೊಳೆಯುವಾಕೆ ಅಲ್ಲೇ ನಿಂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಮೇಲ್ವಿಚಾರಕ ಅವಳನ್ನು ಎಲ್ಲರೆದುರು ಬೈದು ಹೋದ. ದೊಡ್ಡಕ್ಕ ಬೇರೆ ಹಾಲು ತರಿಸಿ ಕಾಯಿಸಿದಳು. ಅಂದು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ಹೇಗೂ ಆ ದಿನಗಳಲ್ಲಿ ಅವಳ ನಾಲಿಗೆಗೆ ಉಪ್ಪು, ಹುಳಿ, ಸಿಹಿ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಬೇಸಿಗೆ ಮುಗಿಯುತ್ತ ಬಂತು. ಬಸ್ಸಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳು ಬರತೊಡಗಿದವು. ದೊಡ್ಡಕ್ಕ ರಜೆ ಹಾಕಿ ಜಾಡಿಗಳನ್ನು ಇಳಿಸಿದಳು. ಹಣ್ಣನ್ನು ಕೈಯಲ್ಲಿ ಹಿಡಿದು ಅಮುಕಿ, ಬಣ್ಣ ನೋಡಿ, ಅಂದಾಜಿನ ಮೇಲೆ ಆರಿಸಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೆ ಮೂಗಿನ ಕೆಲಸವನ್ನೂ ಕಣ್ಣೇ ಮಾಡೀತು ಎಂಬುದು ಅವಳ ಲೆಕ್ಕಾಚಾರ.

ಎರಡನೆಯ ದಿನ ಹಗಲು ಹನ್ನೊಂದರ ಸುಮಾರು. ಸಿಪ್ಪೆಯ ರಾಶಿಗೆ ಕಣಜದ ಹುಳುಗಳು ಮುತ್ತುತ್ತವೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಹನ್ನೆರಡು ಜಾಡಿ ತುಂಬಿದ ಪಾತ್ರೆ ಗ್ಯಾಸ್ ಒಲೆಯ ಮೇಲೆ ಕುದಿಯುತ್ತಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ಮೇಜಿನ ಮುಂದೆ ಕೂತು ಸಿಪ್ಪೆ ಸುಲಿಯುತ್ತಿದ್ದಳು. ನೀರು ಯಾವಾಗಲೋ ಉಕ್ಕಿ ಉರಿಯ ಮೇಲೆ ಸುರಿದು ಒಲೆ ಆರಿತ್ತು. ಪಾತ್ರೆ ಅಗಲವಾದ್ದರಿಂದ ಉರಿ ಇದೆಯೋ ಇಲ್ಲವೋ ಕಾಣುವಂತಿರಲಿಲ್ಲ. ಜಾಡಿಗಳ ಗಲಗಲ ಶಬ್ದ ನಿಂತದ್ದು ಎಷ್ಟೋ ಹೊತ್ತಿನ ಮೇಲೆ ಅವಳ ಗಮನಕ್ಕೆ ಬಂತು. ಎದ್ದು ಬಗ್ಗಿ ನೋಡಿದಳು. ಆರಿದೆ. ಕೈ ಒರೆಸಿಕೊಂಡು ಬೆಂಕಿಪೊಟ್ಟಣ ತೆಗೆದುಕೊಂಡಳು.

ಅಷ್ಟರಲ್ಲಿ ಬಾಗಿಲನ್ನು ಯಾರೋ ಎರಡೂ ಕೈಯಿಂದ ಬಡಿದರು. ದೊಡ್ಡಕ್ಕ ಪೊಟ್ಟಣ ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದಳು. ನಾದಿನಿ. ತಲೆ ಒರೆಸುವ ಟವೆಲು ಹೆಗಲ ಮೇಲೆ, ಕಾಲಲ್ಲಿ ಚಪ್ಪಲಿ ಇಲ್ಲ. ಒಂದು ಮಾತೂ ಆಡದೆ ಅತ್ತಿಗೆಯ ಕೈಯಿಂದ ಪೊಟ್ಟಣ ಕಿತ್ತುಕೊಂಡು ಒಳಗೆ ಓಡಿ ಒಲೆಯ ಗುಂಡಿ ತಿರುಗಿಸಿದಳು, ಸಿಲಿಂಡರ್ ಬಂದ್ ಮಾಡಿದಳು, ಕಿಟಕಿಗಳನ್ನು ಒಂದಾದ ಮೇಲೊಂದು ತೆಗೆದಳು. ಆಮೇಲೆ ಅತ್ತಿಗೆಯ ರಟ್ಟೆ ಹಿಡಿದು ಮೆಟ್ಟಿಲ ಮೇಲೆ ತಂದು ಕೂರಿಸಿದಳು.

"ಮೇಲೆ ನನ್ನ ರೂಮಿಗೆ ಬಂತು ವಾಸನೆ" ಎಂದಳು. "ನಿಮಗೆ ಬರಲಿಲ್ವಾ?"

ದೊಡ್ಡಕ್ಕ ತೋಳಿಗೆ ಅಂಟಿದ್ದ ಸಿಪ್ಪೆಯ ಚೂರೊಂದನ್ನು ಕಿತ್ತಳು.

"ಅತ್ತಿಗೆ, ನಿಮ್ಮನ್ನೇ ಕೇಳ್ತಿರೋದು. ಅಷ್ಟು ವಾಸನೆ. ನಿಮಗೆ ಬರಲಿಲ್ವಾ?"

"ಇಲ್ಲ."

"ಯಾವಾಗಿಂದ?"

"ಜ್ವರ ಬಂದಾಗಿಂದ."

"ಅಣ್ಣನಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ನಿನಗೇ ಮೊದಲು." ದೊಡ್ಡಕ್ಕ, "ಖುಷಿಯಾಯ್ತಾ?" ಎಂದು ಸೇರಿಸಿದಳು.

ನಾದಿನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಟವೆಲಿನಿಂದ ಒದ್ದೆ ತಲೆ ಒರೆಸಿಕೊಳ್ಳುತ್ತ ಪಕ್ಕದಲ್ಲೇ ಕೂತಳು. ಮೂರು ವರ್ಷದ ಮೇಲೆ ಅವರಿಬ್ಬರು ಒಂದೇ ಮೆಟ್ಟಿಲ ಮೇಲೆ ಅಷ್ಟು ಹೊತ್ತು ಕೂತಿದ್ದರು. ಒಳಗಿನ ಗಾಳಿ ತಿಳಿಯಾದ ಮೇಲೆ ನಾದಿನಿ ಎದ್ದು ಹೋಗಿ ಪಾತ್ರೆ ನೋಡಿ ಬಂದಳು.

"ಆ ಹನ್ನೆರಡು ಜಾಡಿ ಎಷ್ಟು ಹೊತ್ತು ಕುದ್ದಿವೆ?"

"ಗೊತ್ತಿಲ್ಲ. ಅರ್ಧ ಗಂಟೆ ಇರಬಹುದು."

"ಹಾಗಾದ್ರೆ ಮತ್ತೆ ಮೊದಲಿಂದ. ಇವತ್ತು ನನಗೆ ಮಧ್ಯಾಹ್ನದ ಪಾಳಿ. ಆಫೀಸಿಗೆ ಹೋಗಿ ರಜೆ ಅರ್ಜಿ ಕೊಟ್ಟು ಬರ್ತೀನಿ. ಬರೋವರೆಗೂ ಒಲೆ ಮುಟ್ಟಬೇಡಿ." ಕೆಳಗಿನವರೆಗೆ ಇಳಿದವಳು ಮತ್ತೆ ಮೇಲೆ ಹತ್ತಿ ಬಂದಳು, ಚಪ್ಪಲಿ ಹಾಕಿಕೊಳ್ಳಲು.

ಮಧ್ಯಾಹ್ನ ಬರುವಾಗ ಅವಳ ಚೀಲದಲ್ಲಿ ಕಾಗದದ ಪಟ್ಟಿಗಳ ಒಂದು ಸುರುಳಿ ಇತ್ತು. ಹಣ್ಣನ್ನು ಹಿಚುಕಿದ ರಸದಲ್ಲಿ ಪಟ್ಟಿ ಅದ್ದಿದರೆ ಬಣ್ಣ ತಿರುಗುತ್ತದೆ. ಕಿತ್ತಳೆಯಾದರೆ ಹುಳಿ ಸಾಕು, ಜಾಡಿಯಲ್ಲಿ ಕೆಟ್ಟದ್ದು ಬೆಳೆಯುವುದಿಲ್ಲ. ಹಳದಿಗೆ ನಿಂತರೆ ಸಾಲದು. ದೊಡ್ಡಕ್ಕ ಕೈ ಕಟ್ಟಿಕೊಂಡು ನೋಡುತ್ತ ನಿಂತಳು. ನಾದಿನಿ ಮೊದಲು ಅದ್ದಿದ್ದು ಕಿತ್ತಳೆಯಾಯಿತು. ಎರಡನೆಯದೂ ಹಾಗೆಯೇ. ಮೂರನೆಯದು, ತೀರಾ ಕಳಿತ ಮೆತ್ತನೆಯ ಹಣ್ಣುಗಳದ್ದು, ಹಳದಿಯಲ್ಲೇ ನಿಂತಿತು. ಅವು ದೊಡ್ಡಕ್ಕ ಪ್ರತಿವರ್ಷ "ಇದು ಹದ" ಎಂದು ಬೇರೆಯಾಗಿ ಎತ್ತಿಡುತ್ತಿದ್ದ ಹಣ್ಣುಗಳು.

"ಇಷ್ಟು ವರ್ಷ ಏನೂ ಆಗಿಲ್ವಲ್ಲ" ಎಂದಳು ದೊಡ್ಡಕ್ಕ.

"ಆಗಿಲ್ಲ. ನಿಂಬೆರಸ ಸೇರಿಸಿದ್ರೆ ಮುಂದೂ ಆಗಲ್ಲ. ಒಂದು ಜಾಡಿಗೆ ಎರಡು ಚಮಚ."

"ರುಚಿ ಕೆಡುತ್ತೆ."

"ನಿಮಗೀಗ ರುಚಿ ಗೊತ್ತಾಗುತ್ತಾ?"

ಇದು ಒರಟು ಮಾತು. ಆಡಿದವಳಿಗೇ ಹಾಗೆನಿಸಿ ನಾಲಿಗೆ ಕಚ್ಚಿಕೊಂಡಳು. ದೊಡ್ಡಕ್ಕ ಒಂದು ಗಳಿಗೆ ಅವಳನ್ನೇ ನೋಡಿ, ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಕೊಯ್ದಳು. "ಬೀಜ ಬೀಳದ ಹಾಗೆ ಹಿಂಡು" ಎಂದು ಅರ್ಧ ಹೋಳನ್ನು ನಾದಿನಿಯ ಕೈಗಿಟ್ಟಳು.

ಒಂಬತ್ತು ದಿನ ಇಬ್ಬರೂ ಕೆಲಸ ಮಾಡಿದರು. ನಾದಿನಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಕಚೇರಿಯಿಂದ ಬಂದ ಮೇಲೆ ಮೂರು ಗಂಟೆ. ಅವಳು ಕೋಣೆಯಲ್ಲಿ ಇಲ್ಲದಾಗ ಒಲೆ ಹಚ್ಚುವಂತಿಲ್ಲ ಎಂದು ಮಾತಾಗಿತ್ತು. ಅವಳಿಗೆ ಸಿಪ್ಪೆ ಸುಲಿಯಲು ಬರುತ್ತಿರಲಿಲ್ಲ, ಸಿಪ್ಪೆಯ ಜೊತೆ ಅರ್ಧ ಹಣ್ಣನ್ನೂ ಕೀಳುತ್ತಿದ್ದಳು. ದೊಡ್ಡಕ್ಕ ಅವಳ ಕೈಯಿಂದ ಹಣ್ಣು ತೆಗೆದುಕೊಂಡು, "ಸ್ನಾನ ಮಾಡಿಸೋ ಮಗೂನ ಹಿಡಿದ ಹಾಗೆ ಹಿಡ್ಕೋ, ಕುಸ್ತಿ ಆಡಬೇಡ" ಎಂದು ತೋರಿಸಿಕೊಟ್ಟಳು. ನಾದಿನಿ ಪ್ರತಿ ಜಾಡಿಗೂ ದಿನಾಂಕದ ಚೀಟಿ ಅಂಟಿಸಿದಳು. ಗಂಡ ಸಂಜೆ ಬಂದಾಗ ಒಳಗೆ ಎರಡು ಹೆಂಗಸರ ದನಿ ಕೇಳಿ ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟ. ಗ್ಯಾಸಿನ ಕಥೆ ಕೇಳಿದ ಮೇಲೆ ಅವನ ಮುಖದ ನಗು ಇಂಗಿತು. ಮರುದಿನ ಬರುವಾಗ, ಗುಂಡಿ ಒತ್ತಿದರೆ ಅಡಿಯ ತಟ್ಟೆ ಬಿಸಿಯಾಗುವ ಕರೆಂಟಿನ ಒಲೆಯೊಂದನ್ನು ಹೊತ್ತು ತಂದ. ಅಷ್ಟು ದೊಡ್ಡ ಪಾತ್ರೆಯ ನೀರು ಅದರ ಮೇಲೆ ಕುದಿಯಲು ಅರ್ಧ ದಿನ ಬೇಕಾಗಿತ್ತು. ಹೊಸ್ತಿಲ ಪಕ್ಕ ಅದು ಸುಮ್ಮನೆ ಕೂತಿತು.

ಕೊನೆಗೆ ಐವತ್ತೆಂಟು ಜಾಡಿ ಭದ್ರವಾಗಿ ನಿಂತವು. ನಾಲ್ಕರ ಮುಚ್ಚಳ ಒಳಕ್ಕೆ ಎಳೆದುಕೊಳ್ಳಲಿಲ್ಲ. ಅವನ್ನು ಆ ವಾರವೇ ಅಡುಗೆಗೆ ಬಳಸಿದರು.

ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನ ದೊಡ್ಡಕ್ಕ ಕೋಟು ಕಳಚುವ ಮೊದಲೇ ಮೇಲ್ವಿಚಾರಕನ ಕೋಣೆಗೆ ಹೋದಳು. ತನಗೆ ವಾಸನೆ ತಿಳಿಯುವುದಿಲ್ಲ ಎಂದಳು. ಅಂದು ಹಾಲು ಒಡೆದದ್ದು ತನ್ನ ತಪ್ಪಿನಿಂದ, ಪಾತ್ರೆ ಚೆನ್ನಾಗೇ ತೊಳೆದಿತ್ತು ಎಂದಳು. ಮೇಲ್ವಿಚಾರಕ ಪೆನ್ನು ಕೆಳಗಿಟ್ಟ. ಆಮೇಲೆ, "ನಾಳೆಯಿಂದ ತರಕಾರಿ ಮೇಜಿಗೆ ಬನ್ನಿ" ಎಂದ. ಅದು ಕೆಳಗಿನ ಕೆಲಸ, ಹೊಸದಾಗಿ ಸೇರಿದವರ ಜಾಗ. ದೊಡ್ಡಕ್ಕ ಹೂಂ ಎಂದು ಹೊರಗೆ ಬಂದಳು.

ಪಾತ್ರೆ ತೊಳೆಯುವಾಕೆ ತೊಟ್ಟಿಯ ಮುಂದೆ ಇದ್ದಳು. ದೊಡ್ಡಕ್ಕ ಅವಳಿಗೂ ಅದನ್ನೇ ಹೇಳಿದಳು.

"ಗೊತ್ತಿತ್ತು ಬಿಡಿ" ಎಂದಳು ಆಕೆ, ಕೈ ನಿಲ್ಲಿಸದೆ. "ನಾನು ತೊಳೆದದ್ದು ನನಗೆ ಗೊತ್ತಿರಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಿಮ್ಮ ಮಾತು ಬಿಟ್ಟು ನನ್ನ ಮಾತು ಯಾರು ಕೇಳ್ತಿದ್ರು?"

ದೊಡ್ಡಕ್ಕ ಒಣಗಿಸುವ ಬಟ್ಟೆ ತೆಗೆದುಕೊಂಡು ಆಕೆ ತೊಳೆದಿಟ್ಟ ಪಾತ್ರೆಗಳನ್ನು ಒರೆಸತೊಡಗಿದಳು. ಅವರಿಬ್ಬರ ನಡುವೆ ಮೊದಲಿನ ಸಲಿಗೆ ಆಮೇಲೆಯೂ ಪೂರ್ತಿ ಮರಳಿತೆಂದು ಹೇಳುವಂತಿಲ್ಲ.

ಚಳಿಗಾಲ ಬಂತು. ಮೊದಲ ಜಾಡಿ ತೆರೆದಾಗ ದೊಡ್ಡಕ್ಕ ಅದನ್ನು ನಾದಿನಿಯ ಮುಂದೆ ಸರಿಸಿದಳು. "ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಸರಿಯಾಗಿ ಹೇಳು."

"ಟೊಮೆಟೊ ವಾಸನೆ ಬರ್ತಿದೆ, ಅತ್ತಿಗೆ. ಇನ್ನೇನು ಬರಬೇಕು?"

"ಎಲೆ ವಾಸನೆ ಇದೆಯಾ? ಬಿಸಿಲಲ್ಲಿ ಗಿಡ ಮುಟ್ಟಿದ್ರೆ ಕೈಗೆ ಅಂಟುತ್ತಲ್ಲ, ಅದು?"

ನಾದಿನಿ ಮತ್ತೆ ಮೂಸಿದಳು. ಅವಳು ಜೀವಮಾನದಲ್ಲಿ ಯಾವುದನ್ನೂ ಅಷ್ಟು ಗಮನವಿಟ್ಟು ಮೂಸಿದವಳಲ್ಲ. "ಸ್ವಲ್ಪ ಇದೆ" ಎಂದಳು. "ಹಿಂದುಗಡೆ. ಮೊದಲು ಹುಳಿ, ಆಮೇಲೆ ಅದು."

ದೊಡ್ಡಕ್ಕ ತಲೆಯಾಡಿಸಿ ಜಾಡಿಯನ್ನು ಬಾಣಲೆಗೆ ಸುರಿದಳು. ಊಟ ಮಾಡುವಾಗ ಹುಳಿಯ ಹಿಂದುಗಡೆ ಏನಾದರೂ ಸಿಕ್ಕೀತೇ ಎಂದು ನಿಧಾನವಾಗಿ ಅಗಿಯುತ್ತ ಕಾದಳು. ಸಿಗಲಿಲ್ಲ.

ಚಳಿ ಹೆಚ್ಚಾದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವಳ ಮೂಗಿಗೆ ಏನೋ ತಟ್ಟಿತು. ಮೊದಲು ಖುಷಿಯಾಯಿತು. ಆಮೇಲೆ ಏನೆಂದು ತಿಳಿಯಿತು: ಸುಟ್ಟ ರಬ್ಬರಿನ ವಾಸನೆ. ಅದು ಬರುತ್ತಿದ್ದದ್ದು ಕಾಫಿಯಿಂದ. ಈರುಳ್ಳಿಯಿಂದಲೂ ಅದೇ. ಮಧ್ಯಾಹ್ನ ಟೊಮೆಟೊ ಜಾಡಿ ತೆರೆದಳು. ಮುಚ್ಚಳ ಬಿಟ್ಟೊಡನೆ ಕೊಳೆತ ಮಾಂಸದಂಥ ನಾತ ಮುಖಕ್ಕೆ ಹೊಡೆದು ವಾಕರಿಕೆ ಬಂತು. ಜಾಡಿಯನ್ನು ತೊಟ್ಟಿಗೆ ಚೆಲ್ಲಿ ಇನ್ನೊಂದು ತೆರೆದಳು. ಅದೂ ಹಾಗೆಯೇ. ಮೂರನೆಯದನ್ನೂ ತೆರೆದು ಚೆಲ್ಲುವಷ್ಟರಲ್ಲಿ ಗಂಡ ಮೇಲೆ ಹೋಗಿ ತಂಗಿಯನ್ನು ಕರೆತಂದ.

"ಎಲ್ಲಾ ಕೆಟ್ಟಿದೆ" ಎಂದಳು ದೊಡ್ಡಕ್ಕ. ಕಣ್ಣಲ್ಲಿ ನೀರಿತ್ತು. "ಉಳಿದ ಜಾಡಿಗಳೂ ಕೆಟ್ಟಿರಬೇಕು. ಅಷ್ಟು ಮಾಡಿ ಏನು ಬಂತು?"

ನಾದಿನಿ ಮೂರನೆಯ ಜಾಡಿಯನ್ನು ಬೆಳಕಿಗೆ ಹಿಡಿದಳು. ಗುಳ್ಳೆ ಇಲ್ಲ, ಬಣ್ಣ ಮಾಸಿಲ್ಲ. ಮುಚ್ಚಳ ತೆರೆಯುವಾಗ ಹೇಗೆ ಸದ್ದು ಮಾಡಿತು ಎಂದು ಕೇಳಿದಳು. ಒಳಕ್ಕೆ ಉಸಿರೆಳೆದುಕೊಂಡಂತೆ ಎಂದಳು ದೊಡ್ಡಕ್ಕ. ಪಟ್ಟಿ ಅದ್ದಿದಳು, ಕಿತ್ತಳೆ. ತಾನು ಮೂಸಿದಳು, ಅಣ್ಣನಿಗೂ ಮೂಸಲು ಕೊಟ್ಟಳು.

"ಚೆನ್ನಾಗೇ ಇದೆಯಲ್ಲೇ" ಎಂದ ಗಂಡ.

"ಅತ್ತಿಗೆ, ಇದು ಕೆಟ್ಟಿಲ್ಲ. ನಿಮ್ಮ ಮೂಗು ವಾಪಸ್ ಬರ್ತಾ ಇದೆ, ಆದ್ರೆ ಸದ್ಯಕ್ಕೆ ಸುಳ್ಳು ಹೇಳ್ತಿದೆ. ನಮ್ಮ ಆಫೀಸಲ್ಲಿ ಒಬ್ಬರಿಗೆ ಹೀಗೇ ಆಗಿತ್ತು. ಆರು ತಿಂಗಳು ಅವರಿಗೆ ಬ್ರೆಡ್ಡೆಲ್ಲ ಒದ್ದೆ ಗೋಡೆ ವಾಸನೆ."

ದೊಡ್ಡಕ್ಕ ಜಾಡಿಯನ್ನು ನೋಡಿದಳು. ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅವಳು ಯಾವ ಮಾತನ್ನೂ ತನ್ನ ಮೂಗಿನ ಮಾತಿಗಿಂತ ಮೇಲೆ ಇಟ್ಟಿರಲಿಲ್ಲ. ಆ ಮೂಗು ಈಗ ಎಸೆ ಎನ್ನುತ್ತಿತ್ತು. ಎದುರಿಗೆ ಒಂದು ಬೆರಳಗಲದ ಕಾಗದದ ಚೂರು, ಇಬ್ಬರು ಮನುಷ್ಯರು.

"ನೀವಿಬ್ಬರೂ ತಿಂತೀರಾ?" ಎಂದು ಕೇಳಿದಳು.

"ಬೇಯಿಸಿ ಹಾಕಿ, ತಿಂತೀವಿ."

ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಲೂಗಡ್ಡೆಯ ಜೊತೆ ಅದನ್ನು ಬೇಯಿಸಿದಳು. ಅವರಿಬ್ಬರೂ ಬ್ರೆಡ್ಡಿನೊಂದಿಗೆ ತಿಂದರು. ನಾಲ್ಕು ತುತ್ತಿನ ಮೇಲೆ ದೊಡ್ಡಕ್ಕನೂ ತಟ್ಟೆ ಹಾಕಿಕೊಂಡಳು. ಬಟ್ಟೆ ಬಿಚ್ಚಿ, ಎಡಗೈಯಿಂದ ಮೂಗು ಒತ್ತಿ ಹಿಡಿದು, ಬಲಗೈಯಿಂದ ತಿಂದಳು. ಗಂಡನಿಗೆ ನಗು ತಡೆಯಲಾಗಲಿಲ್ಲ. "ನಗಿ, ನಗಿ" ಎಂದಳು ಅವಳು, ಮೂಗು ಬಿಡದೆ. ದನಿ ಬಾತುಕೋಳಿಯಂತೆ ಹೊರಟಿತು. ಆಗ ನಾದಿನಿಯೂ ನಕ್ಕಳು. ತಟ್ಟೆ ಖಾಲಿಯಾಯಿತು.

ಸುಳ್ಳು ವಾಸನೆಗಳು ಮೂರು ತಿಂಗಳು ಇದ್ದವು. ಒಂದೊಂದಾಗಿ ಅವು ತೊಲಗಿ ನಿಜವಾದವು ಒಂದೊಂದಾಗಿ ಬಂದವು, ಎಲ್ಲವೂ ಅಲ್ಲ. ಸೋಪು ಬಂತು, ಬಿಸಿ ಎಣ್ಣೆ ಬಂತು, ಗ್ಯಾಸು ಬಂತು. ಹೂವು ಯಾವುದೂ ಬರಲಿಲ್ಲ. ಜಾಡಿಗಳನ್ನು ತೆರೆಯುವಾಗ ಮುಚ್ಚಳದ ಸದ್ದು ಕೇಳುವುದು, ಬೆಳಕಿಗೆ ಹಿಡಿಯುವುದು ಅವಳಿಗೆ ರೂಢಿಯಾಯಿತು. ನಾದಿನಿ ಭಾನುವಾರಗಳಲ್ಲಿ ಕೆಳಗೇ ಊಟ ಮಾಡತೊಡಗಿದಳು. ಅವರ ವಾದಗಳು ನಿಲ್ಲಲಿಲ್ಲ. ಉಪ್ಪು ಎಷ್ಟು, ನಿಂಬೆ ಎಷ್ಟು, ಕಿಟಕಿ ಎಷ್ಟು ಹೊತ್ತು ತೆರೆದಿರಬೇಕು, ಎಲ್ಲಕ್ಕೂ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ.

ಬೇಸಿಗೆಗೆ ಮುಂಚೆ ಡಿಪೋದವರು ಹಿಂಗೋಡೆಯನ್ನು ಎತ್ತರಿಸಿದರು. ಗಂಡನ ಪಾಲಿನ ತುದಿಗೆ ಬಿಸಿಲು ಎರಡು ಗಂಟೆ ಕಡಿಮೆಯಾಯಿತು. ನಾದಿನಿ ಎರಡು ದಿನ ರಜೆ ಹಾಕಿದಳು. ಮೂವರೂ ಸೇರಿ ಸಸಿಗಳನ್ನು ಗೋಡೆಯಿಂದ ಒಂದು ಮಾರು ಮುಂದಕ್ಕೆ ನೆಟ್ಟು ಕೋಲು ಕಟ್ಟಿದರು. ಆ ವರ್ಷ ಹಣ್ಣು ಹದಿನೈದು ದಿನ ತಡವಾಗಿ ಕೆಂಪಾಯಿತು.